ಬಾಯಿಮಾತಿನ ಕಡ್ಡಾಯ

(ಹೋದ ತಿಂಗಳು ನಮ್ಮೂರ ಲೈಬ್ರರಿ ಮೇಲಿನ ಹಾಲ್‌ನಲ್ಲಿ ಮಾತಾಡಿದ್ದು. ಹುಡುಗರು ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡಿದ್ರು, ಅದನ್ನ ಕೇಳ್ಕೊಂಡು ನಾನೇ ಕೂತು ಟೈಪ್ ಮಾಡಿದೀನಿ. ಮಧ್ಯೆ ಕರೆಂಟ್ ಹೋಗಿ ಮೈಕ್ ಕೈ ಕೊಟ್ಟಾಗ ಹೇಳಿದ್ದನ್ನ ಮಾತ್ರ ನೆನಪಿಂದ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ಇನ್ವಿಟೇಷನ್‌ನಲ್ಲಿ "ವ್ಯಕ್ತಿ ಸ್ವಾತಂತ್ರ್ಯ ಮತ್ತು ಸಾಮಾಜಿಕ ಹೊಣೆ" ಅಂತ ಹಾಕಿದಾರೆ, ನೋಡಿ ನನಗೇ ಗಾಬರಿ ಆಯ್ತು. ನಾನು ವಕೀಲೆ ಅಲ್ಲ ಪ್ರೊಫೆಸರ್ ಅಲ್ಲ, ಮೂವತ್ತು ಚಿಲ್ಲರೆ ವರ್ಷ ಸಬ್‌ಸೆಂಟರು ಪಿಎಚ್‌ಸಿ ಅಂತ ಓಡಾಡ್ಕೊಂಡು ಮಕ್ಕಳ ತೊಡೆಗೆ ಬಸುರಿಯರ ತೋಳಿಗೆ ಸೂಜಿ ಚುಚ್ಚಿದವಳು, ಅದಕ್ಕೇ ಇಲ್ಲಿ ಕೂತಿರೋರಲ್ಲಿ ಅರ್ಧ ಜನ ಈಗಲೂ ನನ್ನ ಕಂಡ್ರೆ ತೋಳು ಮುಚ್ಕೋತಾರೆ. ಸ್ವಾತಂತ್ರ್ಯದ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ವೈಲ್ ಬಗ್ಗೆ, ಅಂದ್ರೆ ಲಸಿಕೆ ಸೀಸೆ ಬಗ್ಗೆ ಗೊತ್ತು, ಅಲ್ಲಿಂದಲೇ ಶುರು ಮಾಡ್ತೀನಿ.

ಕೋವಿಶೀಲ್ಡ್ ವೈಲ್ ಅಂದ್ರೆ ಇಷ್ಟೇ ಇಷ್ಟು, ಹೆಬ್ಬೆರಳುದ್ದ. ಅದರಲ್ಲಿ 10 ಡೋಸ್ ಇರ್ತಿತ್ತು. ಒಂದ್ಸಲ ಓಪನ್ ಮಾಡಿದ್ರೆ ಮೇಲೆ ಟೈಮ್ ಬರೀಬೇಕು, 4 ಗಂಟೆ ಒಳಗೆ ಖಾಲಿ ಮಾಡ್ಬೇಕು, ಇಲ್ಲಾಂದ್ರೆ ಬಿಸಾಕ್ಬೇಕು, ಬಿಸಾಕಿದ್ರೆ ಎಷ್ಟು ಬಿಸಾಕಿದ್ರಿ ಯಾಕೆ ಬಿಸಾಕಿದ್ರಿ ಅಂತ ರಿಪೋರ್ಟ್. 2021ರ ಅಡಿಕೆ ಕೊಯ್ಲಿನ ಟೈಮು, ಒಂದಿನ ಮಧ್ಯಾಹ್ನ ಮೂರೂವರೆ, ಆರು ಜನಕ್ಕೆ ಹಾಕಾಗಿತ್ತು, ನಾಲ್ಕು ಡೋಸ್ ಉಳ್ಕೊಂಡಿತ್ತು, ಒಂದು ಗಂಟೆ ಟೈಮು. ನಮ್ಮ ಆಶಾ ಕಾರ್ಯಕರ್ತೆ ಹುಡುಗಿಗೆ ಹೇಳ್ದೆ, ಎಲ್ಲಿಂದಾದ್ರೂ ನಾಲ್ಕು ಜನ ಕರ್ಕೊಂಡು ಬಾರೇ ಅಂತ. ಅವಳು ಅಡಿಕೆ ಸುಲೀತಿದ್ದ ಒಂದು ಅಂಗಳಕ್ಕೆ ಹೋಗಿ ಮೂರು ಹೆಂಗಸ್ರು, ಒಬ್ಬ ಅಜ್ಜನ್ನ ಎಬ್ಬಿಸ್ಕೊಂಡು ಬಂದ್ಳು. ಹೆಂಗಸ್ರು ಗೊಣಗ್ತಾ ಹಾಕಿಸ್ಕೊಂಡ್ರು. ಅಜ್ಜ ಮಾತ್ರ ಕುರ್ಚಿಲಿ ಕೂತು ತೋಳು ಕೊಡ್ಲಿಲ್ಲ, ಅಡಿಕೆ ಚೊಗರಿಂದ ಕಪ್ಪಾಗಿದ್ದ ಕೈ ಎರಡೂ ತೊಡೆ ಮಧ್ಯ ಸಿಗಿಸ್ಕೊಂಡು ನನ್ನೇ ನೋಡಿ ಕೇಳ್ದ, "ಅಮ್ಮಾ, ಇದು ಹಾಕಿಸ್ಕಳ್ದೇ ಇದ್ರೆ ಸೊಸೈಟಿಲಿ ಅಕ್ಕಿ ನಿಲ್ಲಿಸ್ತಾರಂತೆ, ಹೌದಾ?"

ಅಕ್ಕಿ ನಿಲ್ಲಿಸೋ ಹಾಗಿಲ್ಲ ಅಂತ ನನಗೆ ಗೊತ್ತಿತ್ತು. ಹೌದು ಅಂತ ಹೇಳಿದ್ರೆ ಸುಳ್ಳು. ಇಲ್ಲ ಅಂದ್ರೆ ಎದ್ದು ಹೋಗ್ತಾನೆ. ನಾನು ಎರಡೂ ಹೇಳ್ಲಿಲ್ಲ, ಸಿರಿಂಜ್ ಕವರ್ ಹರಿದೆ. ಅವನು ಅಂಗಿ ತೋಳು ಮೇಲಕ್ಕೆ ಮಡಚ್ದ.

ನನಗೆ ಇವತ್ತು ಹೇಳ್ಬೇಕಾಗಿರೋದು ಇದೊಂದೇ, ಮಿಕ್ಕಿದ್ದೆಲ್ಲ ಇದರ ಸುತ್ತ ಇರೋದು. ಫೇಸ್‌ಬುಕ್ಕಲ್ಲಿ ನೀವು ನೋಡಿರೋ ಜಗಳ ಬೇರೆ, ಒಂದು ಕಡೆ "ನನ್ನ ಮೈ ನನ್ನಿಷ್ಟ" ಅನ್ನೋರು, ಇನ್ನೊಂದು ಕಡೆ "ಹಾಕಿಸ್ಕೊಳ್ದೋರು ಸಮಾಜ ದ್ರೋಹಿಗಳು" ಅನ್ನೋರು. ನಾನಿದ್ದ ಕುರ್ಚಿ ಟೇಬಲ್ ಹತ್ರ ಎರಡೂ ಮಾತು ಬರ್ಲಿಲ್ಲ. ಅಲ್ಲಿದ್ದಿದ್ದು ಟಾರ್ಗೆಟ್ಟು, ವೇಸ್ಟೇಜು, ಜೊತೆಗೆ ಯಾರೂ ಸಹಿ ಹಾಕದೇ ಇರೋ ಒಂದು ಕಡ್ಡಾಯ. ನಮ್ಮಲ್ಲಿ ಆ ಚರ್ಚೆ ನಡೀಲೇ ಇಲ್ಲ ಅಂತ ನನ್ನ ತಕರಾರು. ಬೇರೆಯವರಿಗೋಸ್ಕರ ನಿನ್ನ ತೋಳು ಕೊಡು ಅಂತ ಕೇಳೋದು ತಪ್ಪಲ್ಲ ಕಣ್ರಿ, ನಾನು ಜೀವಮಾನ ಪೂರ್ತಿ ಅದನ್ನೇ ಕೇಳಿದೀನಿ. ಆದ್ರೆ ಕೇಳೋರು ಮುಖ ತೋರಿಸಿ ಕೇಳ್ಬೇಕು.

ಬೇರೆಯವರಿಗೋಸ್ಕರ ಅಂದ್ನಲ್ಲ, ಅದಕ್ಕೊಂದು ಉದಾಹರಣೆ ಕೊಡ್ತೀನಿ, ಕೋವಿಡ್ಡಿಗಿಂತ ಹಿಂದಿಂದು. 2017ರ ಫೆಬ್ರವರಿಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾಯ್ತು, ದೇಶಕ್ಕೇ ಬೆಂಗಳೂರಲ್ಲಿ ಚಾಲನೆ ಕೊಟ್ಟಿದ್ದು, ಮೊದಲ ಸುತ್ತಲ್ಲಿ ನಾವು, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲಾ ಮಕ್ಕಳಿಗೂ. ವಾಟ್ಸಾಪಲ್ಲಿ ಏನೇನೋ ಹರಿದಾಡ್ತು, ಮಕ್ಕಳಾಗದೇ ಇರೋ ಇಂಜೆಕ್ಷನ್ ಅಂತ ಕೂಡ. ಒಂದು ಇಂಗ್ಲಿಷ್ ಮೀಡಿಯಂ ಶಾಲೇಲಿ ಒಬ್ರು ಅಪ್ಪ ಎದ್ದು ನಿಂತು ಕೇಳಿದ್ರು, ಸಿಸ್ಟರೇ, ರುಬೆಲ್ಲಾ ಬಂದ್ರೆ ಮಕ್ಕಳಿಗೆ ಸಣ್ಣ ಜ್ವರ, ಮೈಮೇಲೆ ಒಂಚೂರು ಗಂಧೆ, ಮೂರು ದಿನಕ್ಕೆ ಹೋಗತ್ತೆ ಅಂತ ನೀವೇ ಹೇಳ್ತೀರಿ, ತೊಂದ್ರೆ ಆಗೋದು ಬಸುರಿಯರ ಹೊಟ್ಟೇಲಿರೋ ಮಗೂಗೆ, ನನಗಿರೋದು ಗಂಡು ಹುಡುಗ, ಅವನಿಗ್ಯಾಕೆ? ಎಂಥಾ ಒಳ್ಳೆ ಪ್ರಶ್ನೆ ನೋಡಿ. ವಾಟ್ಸಾಪ್ ಪ್ರಶ್ನೆ ಅಲ್ಲ ಅದು. ನಾನು ಹೇಳ್ದೆ, ನಿಮ್ಮ ಮಗನಿಗೆ ಇದರ ರುಬೆಲ್ಲಾ ಭಾಗದಿಂದ ಹೆಚ್ಚೇನೂ ಸಿಗಲ್ಲ ಸರ್, ನಿಜ. ಅವನು ನಾಳೆ ಬಸ್ಸಲ್ಲಿ ಯಾರೋ ಮೂರು ತಿಂಗಳ ಬಸುರಿ ಪಕ್ಕ ಕೂತ್ಕೋತಾನೆ, ಅವನಿಗೆ ಆ ಜ್ವರ ಇದ್ರೆ ಆ ಮಗು ಕಣ್ಣಿಲ್ದೆ ಕಿವಿಯಿಲ್ದೆ ಹುಟ್ಟಬಹುದು, ಆ ಹೆಂಗಸು ನಿಮ್ಮ ಮಗಳೂ ಆಗಿರಬಹುದು ಬೇರೆಯವರ ಮಗಳೂ ಆಗಿರಬಹುದು, ಅದಕ್ಕೋಸ್ಕರ ಕೇಳ್ತಿದೀವಿ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ಇದನ್ನ ಹಿಂಗೇ ಮೊದಲೇ ಹೇಳಿದ್ರೆ ಆಗ್ತಿತ್ತಲ್ವಾ ಅಂದ್ರು. ಮಗನ್ನ ಮರುದಿನ ಕಳ್ಸಿದ್ರು.

ಇದರ ಉಲ್ಟಾ ಕೇಸು ನಮ್ಮ ಮಲೆನಾಡಲ್ಲೇ ಇದೆ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಸತ್ತು ಬಿದ್ದು ಗೊತ್ತಾಗಿದ್ದು, ಪ್ರಪಂಚದ ಪುಸ್ತಕಗಳಲ್ಲೆಲ್ಲ ನಮ್ಮ ಒಂದು ಹಳ್ಳಿ ಹೆಸರಿಟ್ಕೊಂಡು ಕೂತಿದೆ ಆ ಕಾಯಿಲೆ. ಉಣುಗು ಕಚ್ಚಿ ಬರತ್ತೆ, ಮನುಷ್ಯರಿಂದ ಮನುಷ್ಯರಿಗೆ ದಾಟಲ್ಲ. ಅದಕ್ಕೂ ಲಸಿಕೆ ಇತ್ತು, ತಿಂಗಳಂತರದಲ್ಲಿ ಎರಡು, ಆಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ. ಹಾಕಿದ್ರೆ ತೋಳು ಎತ್ತಕ್ಕಾಗ್ತಿರ್ಲಿಲ್ಲ, ಅಷ್ಟು ಉರಿ. ಜನ ಒಂದು ಹಾಕಿಸ್ಕೊಂಡು ಎರಡನೇದಕ್ಕೆ ನಮ್ಮ ಜೀಪ್ ಕಂಡ್ರೆ ತೋಟಕ್ಕೆ ಹೋಗ್ಬಿಡೋರು. 2018ರ ಕೊನೇಲಿ ಸಾಗರ ತಾಲ್ಲೂಕು ಅರಳಗೋಡಲ್ಲಿ ಜೋರಾಗಿ ಎದ್ದಾಗ ಅದೇ ಜನ ಲಸಿಕೆ ಎಲ್ಲಿ ಅಂತ ಬಂದು ನಿಂತ್ರು. ಕೊನೆಗೆ 2022ರ ಸುಮಾರಿಗೆ ಆ ಲಸಿಕೆನೇ ಸರಿಯಾಗಿ ಕೆಲಸ ಮಾಡಲ್ಲ ಅಂತ ನಿಲ್ಲಿಸಿದ್ರು ಅನ್ನೋದು ಬೇರೆ ಮಾತು, ಅಷ್ಟು ವರ್ಷ ಉರಿ ತಿಂದೋರಿಗೆ ಯಾರೂ ಸಾರಿ ಹೇಳ್ಲಿಲ್ಲ. ನಾನು ಹೇಳೋಕೆ ಹೊರಟಿದ್ದು, ಮಂಗನ ಕಾಯಿಲೆ ಲಸಿಕೆ ಬೇಡ ಅಂದೋನು ತನಗೆ ಮಾತ್ರ ತೊಂದ್ರೆ ತಂದ್ಕೋತಾನೆ, ಪಕ್ಕದ ಮನೆಯವರಿಗಲ್ಲ. ಅಲ್ಲಿ "ನನ್ನ ಮೈ ನನ್ನಿಷ್ಟ" ಅನ್ನೋ ಮಾತು ಪೂರ್ತಿ ನಡೆಯತ್ತೆ. ನಾನು ಬೈಬಹುದು, ಕೈಮುಗೀಬಹುದು, ಅಕ್ಕಿ ನಿಲ್ಲಿಸೋ ಹಾಗಿಲ್ಲ. ರುಬೆಲ್ಲಾದಲ್ಲಿ ಆ ಮಾತು ಹಾಗೆ ನಡೆಯಲ್ಲ.

ಕೋವಿಡ್ ಈ ಎರಡರ ಮಧ್ಯ ಎಲ್ಲೋ ಇತ್ತು, ಅದೂ ಒಂದೇ ಕಡೆ ನಿಲ್ಲಲಿಲ್ಲ, ಅದೇ ಕಷ್ಟ ಆಗಿದ್ದು. ಎರಡನೇ ಅಲೆ ಟೈಮಲ್ಲಿ ಲಸಿಕೆ ಹಾಕಿಸ್ಕೊಂಡೋರಿಗೆ ಸೋಂಕೂ ಸ್ವಲ್ಪ ಕಡಿಮೆ ಹತ್ತುತ್ತೆ, ಹರಡೋದೂ ಕಡಿಮೆ, ಸಾಯೋದಂತೂ ಬಹಳ ಕಡಿಮೆ ಅಂತ ಇತ್ತು. ಒಮಿಕ್ರಾನ್ ಬಂತು ನೋಡಿ, ದೇಶದ ಮೊದಲ ಎರಡು ಕೇಸು 2021ರ ಡಿಸೆಂಬರ್ 2ಕ್ಕೆ ನಮ್ಮ ಬೆಂಗಳೂರಲ್ಲೇ ಘೋಷಣೆ ಆಗಿದ್ದು, ಆಗ ಎರಡು ಡೋಸ್ ಆದೋರಿಗೂ ಆಗದೋರಿಗೂ ಒಂದೇ ಸಮ ಮೂಗು ಸೋರ್ತು, ಮನೆಮಂದಿಗೆಲ್ಲ ಹಬ್ಬಿತು. ಸಾವಿಂದ ಕಾಪಾಡೋದು ಮಾತ್ರ ಉಳ್ಕೊಂಡಿತ್ತು, ಅದೇನು ಸಣ್ಣದಲ್ಲ, ಅರವತ್ತು ದಾಟಿದೋರಿಗೆ ಅದೇ ದೊಡ್ಡದು. ಆದ್ರೆ ನೋಡಿ, ರುಬೆಲ್ಲಾ ಕಡೆ ಇದ್ದದ್ದು ನಿಧಾನಕ್ಕೆ ಮಂಗನ ಕಾಯಿಲೆ ಕಡೆ ಸರೀತಾ ಬಂತು. ಬೇರೆಯವರಿಗೋಸ್ಕರ ಅನ್ನೋ ವಾದ ತೆಳ್ಳಗಾದಷ್ಟೂ ಕಡ್ಡಾಯ ಮಾಡೋ ಹಕ್ಕೂ ತೆಳ್ಳಗಾಗ್ಬೇಕಿತ್ತು. ನಮ್ಮಲ್ಲಿ ಏನಾಯ್ತು? ಆ ಎರಡು ಕೇಸ್ ಗೊತ್ತಾದ ಮರುದಿನಾನೇ ಮಾಲ್‌ಗೆ ಥಿಯೇಟರ್‌ಗೆ ಎರಡು ಡೋಸ್ ಆದೋರು ಮಾತ್ರ, ಶಾಲೆಗೆ ಹೋಗೋ ಮಕ್ಕಳ ಅಪ್ಪ ಅಮ್ಮಂದಿರಿಗೆ ಎರಡೂ ಡೋಸ್ ಆಗಿರ್ಬೇಕು ಅಂತ ರಾಜ್ಯದಲ್ಲಿ ರೂಲ್ಸ್ ಬಂತು. ವಾದ ತೆಳ್ಳಗಾಗೋ ಹೊತ್ತಿಗೆ ರೂಲ್ಸು ದಪ್ಪ ಆಯ್ತು. ಪಾಪ ಆವಾಗ ಯಾರಿಗೂ ಪೂರ್ತಿ ಗೊತ್ತಿರ್ಲಿಲ್ಲ ಅನ್ನಿ, ನಾನು ಈಗ ಕೂತು ಬುದ್ಧಿ ಹೇಳೋದು ಸುಲಭ.

ಒಂಚೂರು ಹಿಂದಕ್ಕೆ ಹೋಗ್ಬರ್ತೀನಿ. ಮೈಸೂರು ಅರಮನೆ ಹೆಣ್ಣುಮಕ್ಕಳ ಒಂದು ಪೇಂಟಿಂಗ್ ಇದೆ, ಥಾಮಸ್ ಹಿಕ್ಕಿ ಅಂತ ಒಬ್ಬ ಚಿತ್ರಕಾರ 1805ರಲ್ಲಿ ಬರೆದಿದ್ದು. ಮೂರು ಜನ ನಿಂತಿದಾರೆ, ಬಲಗಡೆ ಇರೋ ಹುಡುಗಿ ಸೆರಗು ಸರಿಸಿ ಎಡ ತೋಳು ತೋರಿಸ್ತಿದಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ಚಿಕ್ಕ ರಾಣಿ ದೇವಾಜಮ್ಮಣ್ಣಿ, ತೋರಿಸ್ತಿರೋದು ಸಿಡುಬಿನ ಲಸಿಕೆ ಹಾಕಿಸ್ಕೊಂಡ ಜಾಗ, ಜನಕ್ಕೆ ಧೈರ್ಯ ಬರ್ಲಿ ಅಂತ ಮಾಡಿಸಿದ ಚಿತ್ರ ಅಂತ ಇತಿಹಾಸಕಾರರೊಬ್ರು ವಾದ ಮಾಡಿದಾರೆ. ಲಸಿಕೆ ನಮ್ಮ ದೇಶಕ್ಕೆ ಬಂದು ಆಗ ಬರೀ ಮೂರು ವರ್ಷ, 1802ರ ಜೂನಲ್ಲಿ ಬೊಂಬಾಯಿಲಿ ಮೂರು ವರ್ಷದ ಒಂದು ಮಗೂಗೆ ಮೊದಲು ಹಾಕಿದ್ದು. ರಾಣಿ ತೋಳು ತೋರಿಸೋದು ಅಂದ್ರೆ ಆ ಕಾಲಕ್ಕೆ ಸಣ್ಣ ವಿಷಯವಾ? ಆ ವಾದ ನಿಜ ಆಗಿದ್ರೆ, ಕೇಳೋರು ಮೊದಲು ತಮ್ಮ ತೋಳು ಚಾಚಿದ್ರು.

ನಮ್ಮಮ್ಮನ ಕಾಲಕ್ಕೆ ಅದು ಹೋಗಿ ಮೈಲಿ ಹಾಕೋರು, ಸಿಡುಬಿನ ಲಸಿಕೆಯವರು, ಬಂದ್ರು ಅಂದ್ರೆ ಮಕ್ಕಳನ್ನ ಅಟ್ಟ ಹತ್ತಿಸೋ ಹಾಗಾಗಿತ್ತು. ಸಿಡುಬು ತೊಲಗಿಸೋ ಕೊನೆ ವರ್ಷಗಳಲ್ಲಿ, 1973ರಿಂದ 75ರ ತನಕ, ಉತ್ತರದ ಕಡೆ ಎಷ್ಟೋ ಊರಲ್ಲಿ ರಾತ್ರಿ ಬಾಗಿಲು ಮುರಿದು ಹಾಕಿದಾರೆ. ಒಂದು ಘಟನೆ ಹೇಳ್ತೀನಿ, ಡಬ್ಲ್ಯುಎಚ್‌ಒ ತಂಡದಲ್ಲಿದ್ದ ಲ್ಯಾರಿ ಬ್ರಿಲಿಯಂಟ್ ಅನ್ನೋ ಅಮೆರಿಕದ ಡಾಕ್ಟ್ರು ಬರೆದಿದ್ದು. ಆಗಿನ ಬಿಹಾರದ ದಕ್ಷಿಣಕ್ಕೆ, ಹೋ ಆದಿವಾಸಿಗಳ ಊರು, ಊರ ಮುಖಂಡ ಸಿಡುಬು ದೇವರ ಇಚ್ಛೆ ಲಸಿಕೆ ಬೇಡ ಅಂದಿದ್ದ. ಮಧ್ಯರಾತ್ರಿ ತಂಡ ಬಾಗಿಲು ಮುರಿದು ಒಳಗೆ ನುಗ್ಗಿತು, ಗಂಡ ಮೈಮೇಲೆ ಬಿದ್ದ, ಹೆಂಡತಿ ಕಚ್ಚಿದ್ಳು, ಇವರು ನೆಲಕ್ಕೊತ್ತಿ ಹಿಡ್ಕೊಂಡು ಹಾಕಿದ್ರು. ಎಲ್ಲಾ ಆದ್ಮೇಲೆ ಆ ಮನುಷ್ಯ ಎದ್ದು ಹಿತ್ತಲಿಗೆ ಹೋಗಿ ಬಳ್ಳಿಯಿಂದ ಒಂದು ಸೌತೆಕಾಯಿ ಕಿತ್ಕೊಂಡು ಬಂದು ಇವರ ಕೈಗೆ ಕೊಟ್ಟನಂತೆ. ನನ್ನ ಧರ್ಮ ತಡೆಯೋದು, ನಾನು ತಡೆದೆ, ನಿಮ್ಮ ಧರ್ಮ ಹಾಕೋದು ಅಂತೀರಿ, ಹಾಕಿದ್ರಿ, ಮುಗೀತು, ಈಗ ನೀವು ನನ್ನ ಮನೆಗೆ ಬಂದ ಅತಿಥಿಗಳು, ಅನ್ನೋ ಅರ್ಥದ ಮಾತು ಹೇಳಿದನಂತೆ.

ಅದನ್ನ ಓದಿದಾಗ ನನಗೆ ಎರಡು ದಿನ ನಿದ್ದೆ ಬರ್ಲಿಲ್ಲ ಅಂದ್ರೆ ಸುಳ್ಳಾಗತ್ತೆ, ನಿದ್ದೆ ಬಂತು, ಆದ್ರೆ ಸೌತೆಕಾಯಿ ಹೆಚ್ಚುವಾಗೆಲ್ಲ ನೆನಪಾಗತ್ತೆ. ಬಲವಂತ ಮಾಡಿದೋರು ಕೆಟ್ಟೋರಲ್ಲ, ಸಿಡುಬು ಹೋಗಿದ್ದು ನಿಜ, ನಮ್ಮ ದೇಶದ ಕೊನೆ ಕೇಸು 1975ರ ಮೇನಲ್ಲಿ ಅಸ್ಸಾಮಲ್ಲಿ. ಆ ರಾತ್ರಿ ಮಾಡಿದ್ದು ಘೋರ, ಅದರಲ್ಲಿ ಅನುಮಾನ ಇಲ್ಲ. ಆದ್ರೂ ಒಂದು ವಿಷಯ ಇತ್ತು ಅಲ್ಲಿ, ನಾವು ಬಲವಂತ ಮಾಡ್ತಿದೀವಿ ಅಂತ ಅವರಿಗೂ ಗೊತ್ತಿತ್ತು, ಆ ಮನುಷ್ಯನಿಗೂ ಗೊತ್ತಿತ್ತು, ಯಾರು ಮಾಡ್ತಿದಾರೆ ಅಂತ ಮುಖ ಎದುರಿಗಿತ್ತು. ಮಾಡಿದ ಡಾಕ್ಟ್ರೇ ಬರೆದು ಒಪ್ಕೊಂಡ್ರು. ನನ್ನ ಕುರ್ಚಿ ಮುಂದೆ ಕೂತಿದ್ದ ಅಜ್ಜನಿಗೆ ಜಗಳ ಆಡೋಕೆ ಎದುರಾಳಿನೇ ಇರ್ಲಿಲ್ಲ. ಬಾಗಿಲು ಯಾರೂ ಮುರೀಲಿಲ್ಲ, ಅಕ್ಕಿ ನೆನಪು ಮಾಡಿದ್ರು ಅಷ್ಟೇ.

ಅಕ್ಕಿ ಸುದ್ದಿ ಎಲ್ಲಿಂದ ಬಂತು ಅಂತ ಕೇಳ್ತೀರಾ. 2021ರ ಸೆಪ್ಟೆಂಬರ್ ಹೊತ್ತಿಗೆ ಚಾಮರಾಜನಗರದಲ್ಲಿ ಲಸಿಕೆ ಇಲ್ದಿದ್ರೆ ರೇಷನ್ ಇಲ್ಲ ಪಿಂಚಣಿ ಇಲ್ಲ ಅಂತ ಘೋಷಣೆ ಆಗಿದ್ದು ಪೇಪರಲ್ಲಿ ಬಂತು, ಗಲಾಟೆ ಆಯ್ತು. ಗಲಾಟೆ ಆಗಿದ್ದು ನಮ್ಮೂರಿಗೆ ತಲುಪಲಿಲ್ಲ, ಘೋಷಣೆ ಮಾತ್ರ ತಲುಪ್ತು. ಆಮೇಲೆ ನಮ್ಮ ಕಡೆ ಮೀಟಿಂಗುಗಳಲ್ಲಿ ಮೇಲಿನವರು ಹೇಳೋರು, "ಹೇಗಾದ್ರೂ ಮಾಡಿ ಕವರ್ ಮಾಡಿ, ರೇಷನ್ ಅಂಗಡಿಯವರ ಸಹಕಾರ ತಗೊಳ್ಳಿ." ನಾನು ಒಂದ್ಸಲ ಎದ್ದು ನಿಂತು ಕೇಳ್ದೆ, ಸರ್ ಸಹಕಾರ ಅಂದ್ರೆ ಏನು, ಹಾಕಿಸ್ಕೊಳ್ದೋರಿಗೆ ಅಕ್ಕಿ ಕೊಡಬಾರ್ದಾ, ಹಾಗಿದ್ರೆ ಬರೆದು ಕೊಡಿ, ನಾನು ಅಂಗಡಿ ಗೋಡೆಗೆ ಅಂಟಿಸ್ತೀನಿ. ಮೀಟಿಂಗಲ್ಲಿ ಎಲ್ಲಾ ನಕ್ಕರು. "ಸಿಸ್ಟರ್, ಅದನ್ನೆಲ್ಲ ಬರೆದು ಕೊಡಕ್ಕಾಗತ್ತಾ" ಅಂದ್ರು. ಬರೆದು ಕೊಡಕ್ಕಾಗಲ್ಲ ಅಂದ್ರೆ ಮಾಡಕ್ಕೂ ಆಗಬಾರ್ದಲ್ವಾ? ಅಷ್ಟು ಕೇಳೋ ಧೈರ್ಯ ಆವತ್ತು ಬರ್ಲಿಲ್ಲ, ರಿಟೈರ್ಮೆಂಟ್ ಹತ್ರ ಇತ್ತು. ಮಾಲ್ ರೂಲ್ಸ್ ಆದ್ರೂ ಪ್ರಿಂಟಲ್ಲಿ ಇತ್ತು ನೋಡಿ, ಓದಬಹುದಿತ್ತು, ಬೈಬಹುದಿತ್ತು, ಕೋರ್ಟಿಗೆ ಹೋಗಬಹುದಿತ್ತು. ಮಾಲ್‌ಗೆ ಹೋಗೋರಿಗೆ ಪ್ರಿಂಟು, ರೇಷನ್ ಕಾರ್ಡಿನವರಿಗೆ ಬಾಯಿಮಾತು.

ಬೇರೆ ದೇಶಗಳಲ್ಲಿ ಕಡ್ಡಾಯ ಮಾಡಿಲ್ವಾ ಅಂತ ನೀವು ಕೇಳಬಹುದು. ಮಾಡಿದಾರೆ, ನಮಗಿಂತ ಜೋರಾಗೇ ಮಾಡಿದಾರೆ. ಆಸ್ಟ್ರಿಯಾದಲ್ಲಿ 2022ರ ಫೆಬ್ರವರಿಲಿ ದೊಡ್ಡೋರೆಲ್ಲ ಹಾಕಿಸ್ಕೊಳ್ಲೇಬೇಕು ಅಂತ ಪಾರ್ಲಿಮೆಂಟಲ್ಲೇ ಕಾನೂನು ಮಾಡಿದ್ರು, 3600 ಯೂರೋ ತನಕ ದಂಡ. ಬೀದೀಲಿ ಜನ ಇಳಿದ್ರು. ಮಾರ್ಚಲ್ಲಿ ತಡೆ ಹಿಡಿದ್ರು, ಒಮಿಕ್ರಾನ್‌ಗೆ ಇದು ಸರಿ ಹೊಂದಲ್ಲ ಅಂತ ಆ ಬೇಸಿಗೇಲೇ ರದ್ದು ಮಾಡಿದ್ರು. ಮುಖಭಂಗ ಅಂತ ನಗಾಡಿದೋರಿದ್ರು, ನನಗೆ ಹೊಟ್ಟೆಕಿಚ್ಚಾಯ್ತು. ರದ್ದು ಮಾಡೋಕಾದ್ರೂ ಅವರಲ್ಲಿ ಒಂದು ಕಾನೂನಿತ್ತು. ನಮ್ಮ ಬಾಯಿಮಾತನ್ನ ಯಾರು ಎಲ್ಲಿ ರದ್ದು ಮಾಡೋದು? ಅಮೆರಿಕದಲ್ಲಿ 1905ರಲ್ಲೇ ಸುಪ್ರೀಂ ಕೋರ್ಟು, ಹೆನ್ನಿಂಗ್ ಜೇಕಬ್‌ಸನ್ ಅಂತ ಒಬ್ಬ ಪಾದ್ರಿ ಸಿಡುಬಿನ ಲಸಿಕೆ ಬೇಡ ಅಂದಿದ್ದಕ್ಕೆ ಹಾಕಿದ್ದ 5 ಡಾಲರ್ ದಂಡ ಸರಿ ಅಂತು. 5 ಡಾಲರ್ ಆವಾಗ ದೊಡ್ಡ ದುಡ್ಡೇ, ಆದ್ರೂ ಬೆಲೆ ಇಷ್ಟು ಅಂತ ಬರೆದಿತ್ತು. ಇಂಗ್ಲೆಂಡಲ್ಲಿ 1853ರಲ್ಲಿ ಮಕ್ಕಳಿಗೆ ಕಡ್ಡಾಯ ಮಾಡಿ, ನಲವತ್ತೈದು ವರ್ಷ ಜನರ ಹತ್ರ ಬೈಸ್ಕೊಂಡು, 1898ರಲ್ಲಿ ಆತ್ಮಸಾಕ್ಷಿ ಒಪ್ಪಲ್ಲ ಅನ್ನೋ ಅಪ್ಪ ಅಮ್ಮಂದಿರಿಗೆ ವಿನಾಯಿತಿ ಕೊಟ್ರು. ಅದೂ ಕಾಗದದಲ್ಲೇ. ಅದರ ಹಿಂದಿನ ವರ್ಷ ನಮಗೆ ಅವರು ಕೊಟ್ಟಿದ್ದೇನು ಅಂದ್ರೆ ಪ್ಲೇಗಿಗೆ ಅಂತ 1897ರ ಸಾಂಕ್ರಾಮಿಕ ರೋಗ ಕಾಯ್ದೆ, ಒಂದು ಹಾಳೆಲಿ ಮುಗಿಯತ್ತೆ, ಸರ್ಕಾರ ಏನು ಬೇಕಾದ್ರೂ ಮಾಡಬಹುದು, ಸದುದ್ದೇಶದಿಂದ ಮಾಡಿದೋರ ಮೇಲೆ ಯಾರೂ ದಾವೆ ಹಾಕೋ ಹಾಗಿಲ್ಲ. ಚುಚ್ಚೋರಿಗೆ ರಕ್ಷಣೆ ಇದೆ ಅದರಲ್ಲಿ, ಚುಚ್ಚಿಸ್ಕೊಳ್ಳೋರ ಬಗ್ಗೆ ಒಂದು ಸಾಲಿಲ್ಲ. 2020ರಲ್ಲಿ ಲಾಕ್‌ಡೌನ್ ಟೈಮಲ್ಲಿ ಮೊದಲು ಹುಡುಕಿ ತೆಗೆದಿದ್ದು ಅದನ್ನೇ.

ನಮ್ಮ ಕೋರ್ಟುಗಳು ಸುಮ್ನಿರ್ಲಿಲ್ಲ, ಅದನ್ನ ಹೇಳ್ಬೇಕು. ಮೇಘಾಲಯದಲ್ಲಿ ಅಂಗಡಿಯವರು, ಟ್ಯಾಕ್ಸಿಯವರು ಲಸಿಕೆ ಹಾಕಿಸ್ಕೊಂಡೇ ಕೆಲಸ ಶುರು ಮಾಡ್ಬೇಕು ಅಂತ ಆದೇಶ ಆಗಿತ್ತು, 2021ರ ಜೂನಲ್ಲಿ ಅಲ್ಲಿನ ಹೈಕೋರ್ಟು ಲಸಿಕೆ ಬೇಕು ಆದ್ರೆ ಬಲವಂತ ಬೇಡ, ಹೊಟ್ಟೆಪಾಡಿಗೆ ಅಡ್ಡ ಬರಬೇಡಿ ಅಂತು. ಅದರ ಬದಲು ಅಂಗಡಿ ಮುಂದೆ ಇಲ್ಲಿರೋರಿಗೆ ಲಸಿಕೆ ಆಗಿದೆ, ಆಗಿಲ್ಲ ಅಂತ ಬೋರ್ಡ್ ಹಾಕಿ, ಗಿರಾಕಿ ಓದ್ಕೊಂಡು ಒಳಗೆ ಬರ್ಲಿ ಅಂತು. ಆಹಾ, ಎಷ್ಟು ಸರಳ ನೋಡಿ. ಆಮೇಲೆ 2022ರ ಮೇ 2ಕ್ಕೆ ಸುಪ್ರೀಂ ಕೋರ್ಟು, ಡಾಕ್ಟರ್ ಜೇಕಬ್ ಪುಲಿಯೆಲ್ ಅನ್ನೋ ಮಕ್ಕಳ ಡಾಕ್ಟ್ರು ಹಾಕಿದ್ದ ಕೇಸಲ್ಲಿ, ಯಾರಿಗೂ ಬಲವಂತವಾಗಿ ಲಸಿಕೆ ಹಾಕೋ ಹಾಗಿಲ್ಲ, ಮೈ ಅವರವರದ್ದು ಅಂತ ಹೇಳ್ತು. ಅಷ್ಟಕ್ಕೇ ನಿಲ್ಲಿಸ್ಲಿಲ್ಲ, ಬೇರೆಯವರಿಗೆ ಹರಡೋ ಪ್ರಶ್ನೆ ಇದ್ದಾಗ ಸರ್ಕಾರ ನಿರ್ಬಂಧ ಹಾಕಬಹುದು ಅಂತಾನೂ ಹೇಳ್ತು. ಆದ್ರೆ ಅದಕ್ಕೆ ಕಾನೂನಿನ ಬಲ ಇರ್ಬೇಕು, ಸರಿಯಾದ ಕಾರಣ ಇರ್ಬೇಕು, ಕಾರಣಕ್ಕೆ ತಕ್ಕಷ್ಟೇ ಇರ್ಬೇಕು. ಸೋಂಕು ಕಡಿಮೆ ಇರೋ ಈ ಹೊತ್ತಲ್ಲಿ ಹಾಕಿಸ್ಕೊಳ್ದೋರನ್ನ ಮಾತ್ರ ಹೊರಗಿಡೋದು ತಕ್ಕದ್ದಲ್ಲ, ವಾಪಸ್ ತಗೊಳ್ಳಿ ಅಂತ ಸೂಚನೆ ಕೊಡ್ತು.

ಆ ಮೂರು ಅಳತೆ ಎಲ್ಲಿಂದ ಬಂತು ಗೊತ್ತಾ? 2017ರ ಖಾಸಗಿತನದ ತೀರ್ಪಿಂದ, ಒಂಬತ್ತು ಜಡ್ಜ್‌ಗಳು ಕೂತು ಕೊಟ್ಟಿದ್ದು, ಆ ಕೇಸ್ ಹಾಕಿದೋರು ನಮ್ಮ ಕರ್ನಾಟಕ ಹೈಕೋರ್ಟಲ್ಲಿ ಜಡ್ಜಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ವಿರುದ್ಧ ಹಾಕಿದ್ದು, ಆಗಲೇ ಎಂಬತ್ತು ದಾಟಿತ್ತು ಅವರಿಗೆ. ಆ ತೀರ್ಪಿನ ಮೊದಲನೇ ಅಳತೆ ನೋಡಿ, ಕಾನೂನಿನ ಬಲ ಇರ್ಬೇಕು. ನಾನು ಮೀಟಿಂಗಲ್ಲಿ ಬರೆದು ಕೊಡಿ ಸರ್ ಅಂದಿದ್ದು ಅದನ್ನೇ ಅಲ್ವಾ? ನನಗೆ ಪುಟ್ಟಸ್ವಾಮಿ ಗೊತ್ತಿರ್ಲಿಲ್ಲ, ನನ್ನ ತಮ್ಮನ ಮಗ ವಕೀಲ, ಅವನು ಆಮೇಲೆ ಹೇಳಿದ್ದು.

ಈಗ ಸ್ವಲ್ಪ ಸಿಟ್ಟಿನ ಭಾಗ. 2022ರ ಜನವರಿಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಅಫಿಡವಿಟ್ ಕೊಡ್ತು, ಒಪ್ಪಿಗೆ ಇಲ್ದೆ ಯಾರಿಗೂ ಲಸಿಕೆ ಹಾಕಿ ಅಂತ ನಮ್ಮ ಮಾರ್ಗಸೂಚಿ ಎಲ್ಲೂ ಹೇಳಿಲ್ಲ ಅಂತ. ಅದನ್ನ ಪೇಪರಲ್ಲಿ ಓದ್ದಾಗ ನನ್ನ ಕೈಲಿ ಆ ವಾರದ ಟಾರ್ಗೆಟ್ ಶೀಟ್ ಇತ್ತು. ಅದೇ ವರ್ಷ ನವೆಂಬರಲ್ಲಿ ಇನ್ನೊಂದು ಕೇಸು, ಲಸಿಕೆ ಆದ್ಮೇಲೆ ತೀರ್ಕೊಂಡ ಇಬ್ರು ಎಳೇ ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರು ಹಾಕಿದ್ದು. ಅದಕ್ಕೆ ಸರ್ಕಾರ ಹೇಳಿದ್ದು, ಲಸಿಕೆ ಸ್ವಇಚ್ಛೆ, ತಗೊಂಡೋರು ಒಪ್ಪಿ ತಗೊಂಡಿದಾರೆ, ಪರಿಹಾರಕ್ಕೆ ಸರ್ಕಾರ ಹೊಣೆ ಅಲ್ಲ, ಬೇಕಾದ್ರೆ ಸಿವಿಲ್ ಕೋರ್ಟಿಗೆ ಹೋಗ್ಲಿ ಅಂತ. ಅಂದ್ರೆ ಗೇಟ್ ಹತ್ರ ಕಡ್ಡಾಯ, ಕೋರ್ಟ್ ಹತ್ರ ಸ್ವಇಚ್ಛೆ. ಶುರುನಲ್ಲಿ, 2021ರ ಜನವರಿಲಿ, ಕೋವ್ಯಾಕ್ಸಿನ್ ತಗೊಳ್ಳೋರು ಒಂದು ಫಾರಂಗೆ ಸಹಿ ಹಾಕ್ಬೇಕಿತ್ತು, ಮೂರನೇ ಹಂತದ ಪ್ರಯೋಗ ಇನ್ನೂ ನಡೀತಿದ್ದಾಗಲೇ ಅನುಮತಿ ಕೊಟ್ಟಿದ್ರಿಂದ. ಲಸಿಕೆಯಿಂದಾನೇ ಗಂಭೀರ ತೊಂದ್ರೆ ಆದ್ರೆ ಕಂಪನಿ ಪರಿಹಾರ ಕೊಡತ್ತೆ ಅಂತ ಅದರಲ್ಲಿತ್ತು. ಮಾರ್ಚಲ್ಲಿ ಪ್ರಯೋಗದ ಷರತ್ತು ಹೋಯ್ತು, ಫಾರಂ ಕೂಡ ಹೋಯ್ತು.

ತಪ್ಪು ತಿಳೀಬೇಡಿ, ನಾನು ಲಸಿಕೆ ವಿರೋಧಿ ಅಲ್ಲ, ನನ್ನ ಎರಡು ಡೋಸು ಮೇಲೊಂದು ಎಲ್ಲಾ ಆಗಿದೆ, ಇನ್ನೊಂದ್ಸಲ ಬಂದ್ರೂ ನಾನೇ ಮೊದಲು ಕೂರ್ತೀನಿ. ಕೋವಿಶೀಲ್ಡಿಂದ ರಕ್ತ ಹೆಪ್ಪುಗಟ್ಟೋದು ನಿಜ, ಆದ್ರೆ ಬಹಳ ಅಪರೂಪ, 2021ರ ಮೇನಲ್ಲಿ ಸರ್ಕಾರದ ಸಮಿತಿನೇ ಲೆಕ್ಕ ಕೊಟ್ಟಿತ್ತು, 10 ಲಕ್ಷ ಡೋಸಿಗೆ 0.61. ಒಂದಕ್ಕಿಂತ ಕಮ್ಮಿ. ಕೋವಿಡ್ ತಗೊಂಡ ಜೀವದ ಮುಂದೆ ಅದು ಏನೇನೂ ಅಲ್ಲ. ಆದ್ರೆ ದೇಶದಲ್ಲಿ ಹಾಕಿದ್ದು ಎಲ್ಲಾ ಲಸಿಕೆ ಸೇರಿ 200 ಕೋಟಿ ಮೇಲೆ, ಅದರಲ್ಲಿ ಕೋವಿಶೀಲ್ಡೇ ಜಾಸ್ತಿ, ಆ 0.61 ಸೇರ್ಸಿ ಸೇರ್ಸಿ ಯಾರ್ಯಾರದೋ ಮನೆ ಬಾಗಿಲಿಗೆ ಹೋಗಿ ನಿಂತಿರತ್ತೆ. ಆ ಮನೆಯವರು ಎಲ್ಲರಿಗೋಸ್ಕರ ತೋಳು ಕೊಟ್ಟೋರು. ಎಲ್ಲರಿಗೋಸ್ಕರ ಅಂತ ಕೇಳಿದ್ಮೇಲೆ ಪೆಟ್ಟು ಬಿದ್ದಾಗ ಎಲ್ಲರೂ ಸೇರಿ ಕೊಡಬೇಕಲ್ವಾ? ಅದಕ್ಕೇ ನನಗೆ "ಸಾಮಾಜಿಕ ಹೊಣೆ" ಅನ್ನೋ ಮಾತು ಕೇಳಿದ್ರೆ ಉರಿಯತ್ತೆ, ಅಜ್ಜನ ಕಡೆಯಿಂದ ಸಮಾಜಕ್ಕೆ ಹೋಗೋದನ್ನ ಮಾತ್ರ ಹೊಣೆ ಅಂತಾರೆ.

ಇನ್ನೊಂದು ಪುಟ್ಟ ವಿಷಯ ಹೇಳಿ ಮುಗಿಸ್ತೀನಿ. ನಮ್ಮೂರಲ್ಲಿ ಹಾಕಿಸ್ಕೊಳ್ದೋರ ಲಿಸ್ಟ್ ನಮ್ಮ ಹತ್ರ ಇತ್ತು, ನಾನು ಆಶಾ ಇಬ್ರೂ ಒಂದ್ಸಲ ಕೂತು ಯಾಕೆ ಅಂತ ಹೆಸರಿನ ಮುಂದೆ ಬರೀತಾ ಹೋದ್ವಿ. ದೇವರು ಧರ್ಮ ಅಂದೋರು ಇಬ್ರೋ ಮೂವರೋ. ಲಸಿಕೆ ಒಳಗೆ ಕಂಪ್ಯೂಟರ್ ಚಿಪ್ಪು ಗಿಪ್ಪು ಇಡ್ತಾರೆ ಅಂದೋನು ಒಬ್ಬ, ಅವನು ಡಿಗ್ರಿ ಮಾಡಿರೋನು. ಮಿಕ್ಕೋರೆಲ್ಲ ಹೇಳಿದ್ದು ಒಂದೇ, ಜ್ವರ ಬರತ್ತೆ, ಎರಡು ದಿನ ಕೆಲಸ ಹೋಗತ್ತೆ. ಅಡಿಕೆ ಸುಲಿಯೋರಿಗೆ ಡಬ್ಬಿ ಲೆಕ್ಕದಲ್ಲಿ ದುಡ್ಡು, ಮಲಗಿದ ದಿನಕ್ಕೆ ಸೊನ್ನೆ. ಸಂಬಳದೋರು ನಾವು ಲಸಿಕೆ ಹಾಕಿಸ್ಕೊಂಡು ಫೋಟೋ ಸ್ಟೇಟಸ್ ಹಾಕಿ, ಒಂದು ಡೋಲೋ ನುಂಗಿ ಮಲಗಿದ್ವಿ, ಅವತ್ತಿನ ಸಂಬಳ ಬಂತು. ಅವರಿಗೆ ಆ ಎರಡು ದಿನದ ಕೂಲಿ ಕೊಟ್ಟಿದ್ರೆ ಕಡ್ಡಾಯದ ಮಾತೇ ಬೇಕಾಗ್ತಿರ್ಲಿಲ್ಲ, ಊರಿಗೆ ಊರೇ ಬಂದು ಕ್ಯೂ ನಿಲ್ತಿತ್ತು. ವೈಲ್‌ಗೆ ದುಡ್ಡಿತ್ತು, ಬ್ಯಾನರ್‌ಗೆ ದುಡ್ಡಿತ್ತು. ಮೀಟಿಂಗಲ್ಲಿ ಇದನ್ನೂ ಹೇಳ್ದೆ. ಅದಕ್ಕೆ ಬಜೆಟ್ ಹೆಡ್ ಇಲ್ಲ ಅಂದ್ರು.

ಇಲ್ಲಿಗೆ ನನ್ನ ಮಾತು ಮುಗೀತು, ಪ್ರಶ್ನೆ ಇದ್ರೆ ಕೇಳಿ.

(ಪ್ರಶ್ನೆಗಳನ್ನೆಲ್ಲ ಟೈಪ್ ಮಾಡಿಲ್ಲ, ಒಂದು ಮಾತ್ರ ಹಾಕ್ತೀನಿ. ಹಿಂದಿನ ಸಾಲಲ್ಲಿ ಗೋಡೆಗೆ ಒರಗಿ ಕೂತಿದ್ದೋರು ಕೈ ಎತ್ತಿದ್ರು. ನೋಡ್ತೀನಿ, ಅದೇ ಅಜ್ಜ. ಬಂದಿದಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ, ಅವರ ಕಥೆನೇ ಅವರ ಎದುರಿಗೇ ಅವನು ಇವನು ಅಂತ ಏಕವಚನದಲ್ಲಿ ಹೇಳ್ಬಿಟ್ಟಿದ್ದೆ, ಮುಖ ಬಿಸಿ ಆಯ್ತು. ಅವರಿಗೆ ಅದೇನೂ ಬೇಜಾರಿರ್ಲಿಲ್ಲ.)

"ಅಮ್ಮಾ, ಅಕ್ಕಿ ವಿಷ್ಯ ಬಿಡಿ, ಅದು ನನಗೆ ಆವತ್ತೇ ಗೊತ್ತಾಗಿತ್ತು, ನೀವು ಮಾತಾಡ್ಲಿಲ್ವಲ್ಲ. ನಂದು ಬೇರೆ ಪ್ರಶ್ನೆ. ನಾನು ಎರಡನೇದು ಹಾಕಿಸ್ಕಂಡಿಲ್ಲ, ಬರ್ಲೇ ಇಲ್ಲ ನಾನು. ಆದ್ರೆ ಮೊಮ್ಮಗ ಹೇಳ್ತಾನೆ ನನ್ನ ಮೊಬೈಲಿಗೆ ಮೆಸೇಜ್ ಬಂದಿದೆಯಂತೆ, ಎರಡನೇ ಡೋಸು ಯಶಸ್ವಿಯಾಗಿ ತಗೊಂಡಿದೀರಿ ಅಂತ. ಸರ್ಟಿಫಿಕೇಟೂ ಇದೆಯಂತೆ. ಅದು ಯಾರ ತೋಳಿಗೆ ಹಾಕಿದ್ದು?"

ಹಾಲೆಲ್ಲ ನಕ್ಕಿತು. ಆಶಾ ಹುಡುಗಿ ಮೂರನೇ ಸಾಲಲ್ಲಿದ್ಳು, ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು ನೆಲ ನೋಡ್ತಿದ್ಳು. ನಾನು ಮೈಕ್ ಆಫ್ ಮಾಡಿ ಕೆಳಗಿಳಿದು ಅವರ ಹತ್ರ ಹೋಗಿ ಮೊಬೈಲ್ ಇಸ್ಕೊಂಡು ನೋಡ್ದೆ. ನಿಜ, ತಾರೀಖು ಇದೆ, ಬ್ಯಾಚ್ ನಂಬರ್ ಇದೆ, ಕೊನೇಲಿ ಹಾಕಿದೋರ ಹೆಸರು ಅನ್ನೋ ಕಡೆ ನನ್ನ ಹೆಸರೇ ಇದೆ.